ಗಂಟು ಕಟ್ಟದ ಲೆಕ್ಕ

ಯಾರು ಏನು ಕೊಟ್ಟರೂ ಚೆಲ್ಲವ್ವೆ ಅದನ್ನು ಮಗುಚಿ ಹಿಂಬದಿ ನೋಡುತ್ತಿದ್ದಳು. ಹೂವಾದರೂ ಸರಿ, ದೋಸೆಯಾದರೂ ಸರಿ.

"ದೋಸೆ ಬೆನ್ನಲ್ಲಿ ಏನಿರತ್ತಕ್ಕಾ, ದೆವ್ವಾನಾ?" ಎಂದು ತಮ್ಮ ಸೋವಣ್ಣ ನಗುತ್ತಿದ್ದ.

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಕೆಂದಾವರೆ ಎಂಬ ರಾಜ್ಯದಲ್ಲಿ ಇವರಿದ್ದರು. ಅಲ್ಲೊಂದು ಪದ್ಧತಿ. ಲೆಕ್ಕ ಕೇಳುವವರು ಅಂಕಿ ಕೊರೆದ ಕಲ್ಲುಗಳನ್ನು ಸಾಲಾಗಿ ಇಡಬೇಕು. ಯಾವುದನ್ನು ಮೊದಲು ಮಾಡಬೇಕೋ ಆ ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಬೇಕು. ಒಂದರ ಮೇಲೆ ಇನ್ನೊಂದು, ಎರಡು ಗಂಟು. ಹಾಗೆ ಕಟ್ಟಿದ್ದನ್ನು ರಾಜನೂ ಬಿಚ್ಚುವಂತಿಲ್ಲ.

ಕರಿಬೆಟ್ಟದ ಮಾಂತ್ರಿಕ ಧೂಮಕೇಶ ಡಂಗುರ ಹೊಡೆಸಿದ: "ನನ್ನ ಮೂರು ಬಾಗಿಲ ಲೆಕ್ಕ ಬಿಡಿಸಿದವರಿಗೆ ಹಾರುವ ಕುದುರೆ!" ಸೋವಣ್ಣ ಊಟವನ್ನೂ ಮುಗಿಸದೆ ಓಡಿದ. ಮರಳಲಿಲ್ಲ. ಚೆಲ್ಲವ್ವೆ ಹುಡುಕಿಕೊಂಡು ಹೊರಟಳು.

ಮೊದಲ ಬಾಗಿಲಲ್ಲಿ ನೀಲಿ ಹುಲಿ. ಅದರ ಸುತ್ತ ಕಲ್ಲಾದ ಜನ. ಅವರ ನಡುವೆ ಸೋವಣ್ಣ, ಉತ್ತರ ಹೇಳುತ್ತ ತೆರೆದ ಬಾಯಿ ತೆರೆದಂತೆಯೇ.

ಹುಲಿ ಮೂರು ಕಲ್ಲು ಉರುಳಿಸಿತು. "ಎರಡು ಕೂಡು ಮೂರು ಗುಣಿಸು ನಾಲ್ಕು. ಎಷ್ಟು?"

"ನನ್ನ ತಮ್ಮ ಎಷ್ಟಂದ?"

"ಇಪ್ಪತ್ತು. ತಪ್ಪು, ಹದಿನಾಲ್ಕು."

"ಆ ಪಕ್ಕದ ಮುದುಕಪ್ಪ?"

"ಹದಿನಾಲ್ಕು. ತಪ್ಪು, ಇಪ್ಪತ್ತು."

"ಓಹೋ," ಎಂದಳು ಚೆಲ್ಲವ್ವೆ. "ಹಾಗಾದರೆ ಮೊದಲು ಗಂಟು ಕಟ್ಟು."

"ಏ ಹುಡುಗಿ, ಪಂಜದಲ್ಲಿ ಗಂಟು ಕಟ್ಟಕ್ಕಾಗತ್ತಾ?"

"ಆಗದಿದ್ದರೆ ನಾನೇ ಕಟ್ಟುತ್ತೀನಿ." ಸೆರಗಿನ ಅಂಚು ಹರಿದು, ಮೂರನ್ನೂ ನಾಲ್ಕನ್ನೂ ಸೇರಿಸಿ ಎರಡು ಗಂಟು ಬಿಗಿದಳು. "ಒಳಗೆ ಹನ್ನೆರಡು, ಹೊರಗೆ ಎರಡು. ಹದಿನಾಲ್ಕು. ಅಲ್ಲ ಅನ್ನುವುದಾದರೆ ಬಿಚ್ಚು."

ಹುಲಿ ಕೆರೆಯಿತು, ಕಚ್ಚಿತು, ಕೊನೆಗೆ ಬಾಲ ಮಡಚಿ ದಾರಿ ಬಿಟ್ಟಿತು.

ಎರಡನೇ ಬಾಗಿಲಲ್ಲಿ ಬೆಳ್ಳಿಯ ಹಾವು. "ಹನ್ನೆರಡು ಕಳೆ ನಾಲ್ಕು ಕಳೆ ಎರಡು."

"ಹನ್ನೆರಡರಿಂದ ನಾಲ್ಕು ಮೊದಲು ಹೋಗಬೇಕೋ, ನಾಲ್ಕರಿಂದ ಎರಡೋ?"

"ಆಮೇಲೆ ಹೇಳ್ತೀನಿ."

"ಆಮೇಲೆ ಹೇಳುವವರನ್ನು ನಾನು ನಂಬಲ್ಲ." ಹನ್ನೆರಡನ್ನೂ ನಾಲ್ಕನ್ನೂ ಗಂಟು ಕಟ್ಟಿದಳು. "ಒಳಗೆ ಎಂಟು, ಎರಡು ಹೋದರೆ ಆರು. ಬಿಚ್ಚು ನೋಡೋಣ." ಹಾವಿಗೆ ಪಂಜವೂ ಇರಲಿಲ್ಲ. ಬುಸುಗುಟ್ಟುತ್ತ ಸರಿಯಿತು.

ಮೂರನೇ ಬಾಗಿಲಲ್ಲಿ ಸೋವಣ್ಣ ನಿಂತಿದ್ದ!

"ಎರಡು ಬಾಗಿಲು ಗೆದ್ದೆಯಲ್ಲಕ್ಕಾ, ನನಗೆ ಜೀವ ಬಂತು. ಇದೊಂದು ಲೆಕ್ಕ ಉಳಿದಿದೆ. ಎಂಟು ಭಾಗಿಸು ಎರಡು ಗುಣಿಸು ನಾಲ್ಕು. ನಿನಗೆ ಕಷ್ಟ ಬೇಡ, ಗಂಟು ನಾನೇ ಕಟ್ಟಿದೀನಿ, ನೋಡು."

ಅದೇ ಮುಖ, ಅದೇ ನಗು. ಎಂಟೂ ಎರಡೂ ಬಟ್ಟೆಯಲ್ಲಿದ್ದವು. ಆದರೆ ಮಗುಚಿ ನೋಡಿದರೆ ಒಂದೇ ಗಂಟು, ಅದೂ ಎಳೆದರೆ ಜಾರುವ ಗಂಟು. ಕೆಂದಾವರೆಯ ಮಕ್ಕಳು ಹಾಗೆ ಕಟ್ಟುವುದಿಲ್ಲ. ಅವಳು 'ಹದಿನಾರು' ಅಂದೊಡನೆ ಇವನು ಗಂಟು ಜಾರಿಸಿ, ಎರಡನ್ನೂ ನಾಲ್ಕನ್ನೂ ಒಟ್ಟಿಗೆ ಕಟ್ಟಿ, ಎಂಟನ್ನು ಎಂಟರಿಂದ ಭಾಗಿಸಿ 'ಒಂದು' ಅನ್ನುವವನೇ.

"ಚೆನ್ನಾಗಿ ಕಟ್ಟಿದೀಯ ತಮ್ಮಾ," ಎನ್ನುತ್ತಾ ಅವಳು ಅದರ ಮೇಲೆ ಇನ್ನೆರಡು ಗಂಟು ಬಿಗಿದಳು. "ಒಳಗೆ ನಾಲ್ಕು, ಹೊರಗೆ ನಾಲ್ಕು. ಗುಣಿಸಿದರೆ ಹದಿನಾರು."

ಅವನು ಎಳೆದ. ಬಿಚ್ಚಲಿಲ್ಲ. ಹಲ್ಲು ಹಾಕಿ ಎಳೆದ. ಸೋವಣ್ಣನ ಮುಖ ಕಳಚಿ ಬಿತ್ತು, ಅಡಿಯಲ್ಲಿ ಧೂಮಕೇಶ! ಎರಡು ಉತ್ತರಗಳ ಸಂದಿಯಲ್ಲಿತ್ತು ಅವನ ಪ್ರಾಣ. ಸಂದಿ ಮುಚ್ಚಿತು. ಒಂದು ಹಿಡಿ ಹೊಗೆಯಾಗಿ ಹೋದ.

ಕಲ್ಲಾದವರೆಲ್ಲ ಮೈಮುರಿದು ಎದ್ದರು. ಹಾರುವ ಕುದುರೆಯ ಹಿಂದೆ ಹಾಡುತ್ತಾ ಬೆಟ್ಟ ಇಳಿದರು. ಅಂದಿನಿಂದ ಕೆಂದಾವರೆಯಲ್ಲಿ ಎಲ್ಲರೂ ನೆಮ್ಮದಿಯಾಗಿದ್ದರು.

ಆದರೆ ಅಂದು ಎಲ್ಲರೂ ಇಳಿದುಹೋದ ಮೇಲೂ ಮೂರನೇ ಬಾಗಿಲ ಬಳಿ ಇಬ್ಬರು ಉಳಿದಿದ್ದರು. ಓಡಿಬಂದ ಸೋವಣ್ಣ ಎದುರಿಗೆ ನಿಂತಿದ್ದ. ಚೆಲ್ಲವ್ವೆ ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದಳು.

"ನಾನೇ ಕಣಕ್ಕಾ," ಎಂದ ಅವನು. "ಅವನನ್ನೂ ತಮ್ಮಾ ಅಂದೆಯಂತೆ, ಹಾವು ಹೇಳಿತು. ನನ್ನನ್ನೂ ಒಂದು ಸಲ ಕರಿ."