ಕರೆದರೆ ಮಾತ್ರ ಚಾಪೆಗೆ

ಚಪ್ಪಲಿ ಬಿಟ್ಟು ಒಳಗೆ ಹೋದವಳು ನೇರವಾಗಿ ಅವರ ಚಾಪೆಯ ಮೇಲೆ ಹೋಗಿ ನಿಂತಿದ್ದೆ.

“ಮೇಡಂ, ಕಾಲು ಸ್ವಲ್ಪ ತಗೀರಿ. ಇದು ನನ್ನ ಚಾಪಿ.”

ಅಷ್ಟು ದೊಡ್ಡ ಹಾಲ್ ಖಾಲಿ ಬಿದ್ದಿತ್ತು. ಈ ಮನುಷ್ಯ ಮಾತ್ರ ಒಂದು ಚೋಟು ಚಾಪೆಗೆ ಪಿತ್ರಾರ್ಜಿತ ಆಸ್ತಿಯ ಹಾಗೆ ಹಕ್ಕು ಹೇಳುತ್ತಿದ್ದರು.

“ಚಾಪಿ ಹಾಸಿದವರು ಕರದ್ರಷ್ಟ ಬರಬೇಕ್ರಿ. ಮಕ್ಕಳಿಗೆ ಮೊದಲು ಇದನ್ನ ಕಲಸ್ತೀವಿ,” ಎಂದರು. ಕಣ್ಣಂಚಿನಲ್ಲಿ ನಗುವಿತ್ತೋ ಇಲ್ಲವೋ, ಖಾತ್ರಿಯಾಗಲಿಲ್ಲ. ನನ್ನ ಗೊಂದಲ ಶುರುವಾದದ್ದೇ ಅಲ್ಲಿಂದ.

ನಾನು ಶಿವಗಂಗಾ, ಮಲ್ಲಟದವಳು. ಬರುವ ವರ್ಷ ನಮ್ಮೂರಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆಯುತ್ತಿದ್ದರು. ಮಾಂಟೆಸ್ಸರಿ ಟ್ರೇನಿಂಗ್ ಮುಗಿಸಿಕೊಂಡು ಬಂದರೆ ಕೆಲಸ ನನಗೇ ಎಂದು ಮಾತು ಕೊಟ್ಟಿದ್ದರು. ಅಪ್ಪ ಒಪ್ಪಿದ್ದ, ಆದರೆ ಈ ವಾರದೊಳಗೆ ಯಾವುದಾದರೂ ಸೆಂಟರ್ ಆರಿಸಿ ಸೇರಬೇಕು, ಇಲ್ಲದಿದ್ದರೆ ಆ ಮಾತೇ ಬೇಡ ಎಂದಿದ್ದ. ಜೊತೆಗೆ ಪಕ್ಕದ ಮನೆಯ ಮುನವ್ವರ್ ಬೀಯನ್ನು ಕಳಿಸಿದ್ದ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಅವರಿಗೆ ಯಾವ ಊರಾದರೂ ಸರಿ.

ಹೀಗೆ ಮೊದಲು ಬಂದದ್ದು ರಾಯಚೂರಿನ ಸೆಂಟರಿಗೆ. ಚಾಪೆಯ ಯಜಮಾನರ ಹೆಸರು ಉದಯಕುಮಾರ, ಟೀಚರುಗಳಿಗೆ ತರಬೇತಿ ಕೊಡುವವರು. ಗಂಡಸೊಬ್ಬರು ನೆಲದ ಮೇಲೆ ಕೂತು ಗುಲಾಬಿ ಬಣ್ಣದ ಮರದ ತುಂಡುಗಳಿಂದ ಗೋಪುರ ಕಟ್ಟುವುದನ್ನು ನಾನು ನೋಡಿಯೇ ಇರಲಿಲ್ಲ. ಕಟ್ಟಿ ತೋರಿಸುವಾಗ ಮಾತಾಡಬಾರದಂತೆ. ಮಾತಾಡಿದರೆ ಮಗು ಕೈ ಬಿಟ್ಟು ಬಾಯಿ ನೋಡುತ್ತದಂತೆ. ನಾನು ಕೈಯನ್ನೇ ನೋಡಿದೆ. ತುದಿಯ ಸಣ್ಣ ತುಂಡು ಇಡುವಾಗ ಅವರು ಉಸಿರು ಬಿಗಿಹಿಡಿದರು. ನಾನೂ ಹಿಡಿದಿದ್ದೆ ಎಂದು ಆಮೇಲೆ ಗೊತ್ತಾಯಿತು.

“ಇಲ್ಲೇ ಸೇರ್ಲೇನ್ರಿ, ಸರ್?”

ಅವರು ಗೋಪುರವನ್ನು ನೋಡಿದರು, ಆಮೇಲೆ ನನ್ನನ್ನು. “ದೇವದುರ್ಗದಾಗೂ ಒಂದು ಸೆಂಟರ್ ಅದರಿ. ಬುಧವಾರ ಅದನ್ನೂ ನೋಡ್ರಿ.”

ಬಸ್ಸಿನಲ್ಲಿ ಮುನವ್ವರ್ ಬೀಯನ್ನು ಕೇಳಿದೆ. “ಬಂದ ಗಿರಾಕೀನ ಯಾರರ ಬ್ಯಾರೆ ಅಂಗಡಿಗಿ ಕಳಸ್ತಾರೇನು?”

“ಆ ಅಂಗಡಿನೂ ಅವರದೇ ಇದ್ರ ಕಳಸ್ತಾರ, ಬೇಟಿ,” ಎಂದು ಅವರು ಕಣ್ಣು ಮುಚ್ಚಿದರು.

ಬುಧವಾರ ಅರಕೇರಾ ದಾಟಿ ದೇವದುರ್ಗದಲ್ಲಿ ಇಳಿದು ಸೆಂಟರ್ ಹುಡುಕಿಕೊಂಡು ಹೋದರೆ, ಬಾಗಿಲಲ್ಲಿ ಅವರೇ ನಿಂತಿದ್ದರು.

“ನೀವು ಇಲ್ಲಿ?”

“ಬುಧವಾರ ಇಲ್ಲೇ ಕಲಸ್ತೀನ್ರಿ.”

ಇಷ್ಟನ್ನು ರಾಯಚೂರಲ್ಲೇ ಹೇಳಲು ಇವರಿಗೆ ಏನಾಗಿತ್ತು?

ಅವತ್ತು ನನ್ನ ಕೈಗೇ ಚಾಪೆ ಕೊಟ್ಟು ಹಾಸಿಕೊಳ್ಳಲು ಹೇಳಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬಟ್ಟೆಯ ತುಂಡುಗಳನ್ನು ಮುಟ್ಟಿ ಮುಟ್ಟಿ ಜೋಡಿ ಹಚ್ಚಬೇಕಿತ್ತು. ರೇಷ್ಮೆ ಸಿಕ್ಕಿತು. ಉಣ್ಣೆ ಸಿಕ್ಕಿತು. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯೊಂದು ಕೈಗೆ ತಗುಲಿತು. ಎಳೆದೆ, ಬರಲಿಲ್ಲ. ಮತ್ತೆ ಎಳೆದೆ.

“ಅದು ನನ್ನ ಅಂಗಿ ತೋಳ್ರಿ.”

ಪಟ್ಟಿ ಬಿಚ್ಚಿ ನೋಡಿದೆ. ಅವರು ಚಾಪೆಯಾಚೆ ಬರಿ ನೆಲದ ಮೇಲೆ ಕೂತಿದ್ದರು, ಕಿವಿ ಕೆಂಪಾಗಿತ್ತು. ತೋಳು ಬಿಡಿಸಿಕೊಳ್ಳುವ ಅವಸರ ಅವರಿಗಿರಲಿಲ್ಲ. ಬಿಡುವ ಅವಸರ ನನಗೂ ಇರಲಿಲ್ಲ. ಮುನವ್ವರ್ ಬೀ ಕೆಮ್ಮಿದ ಮೇಲೆ ಬಿಟ್ಟೆ.

“ಹಂಗಾದ್ರ ಇಲ್ಲೇ ಸೇರ್ತೀನ್ರಿ,” ಎಂದೆ.

ಅವರ ಮುಖ ಅರಳಿತು, ತಕ್ಷಣ ಬಾಡಿತು. “ಮಲ್ಲಟಕ್ಕ ಮಾನ್ವಿ ಸಮೀಪ ಆಗ್ತದರಿ. ಶನಿವಾರ ಅದನ್ನೊಂದು ನೋಡಿಬಿಡ್ರಿ.”

ನಮ್ಮೂರಿನ ಹೆಸರು ನೆನಪಿಟ್ಟುಕೊಂಡಿದ್ದಾರೆ ಎಂದು ಖುಷಿಯಾಯಿತು. ಮತ್ತೆ ಸಾಗಹಾಕುತ್ತಿದ್ದಾರೆ ಎಂದು ಸಂಕಟವೂ ಆಯಿತು. ನಾನು ಇವರಿಗೆ ಬೇಕೋ ಬೇಡವೋ? ಮನೆಯಲ್ಲಿ ಅಕ್ಕಿ ಆರಿಸಲು ಕೂತು ಕಲ್ಲನ್ನು ಮೊರದಲ್ಲಿ ಉಳಿಸಿ ಅಕ್ಕಿಯನ್ನು ಅಂಗಳಕ್ಕೆ ಚೆಲ್ಲಿದೆ. ಅವ್ವ ಬೈದಳು. ಬೈದದ್ದೂ ಸರಿಯಾಗಿ ಕೇಳಿಸಲಿಲ್ಲ.

ಶನಿವಾರ ಹಸಿರು ಸೀರೆ ಉಟ್ಟೆ. ಯಾರಿಗಾಗಿಯೂ ಅಲ್ಲ ಎಂದು ಕನ್ನಡಿಗೆ ಹೇಳಿ ಹೊರಟೆ. ಮಾನ್ವಿಯಲ್ಲಿ ಸೆಂಟರ್ ನಡೆಸುವ ವಿಜಯಲಕ್ಷ್ಮಿ ಮೇಡಂ ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಗೋಡೆಯ ಪಕ್ಕದಲ್ಲಿ ಚಾಪೆಗಳನ್ನು ಸುತ್ತಿ ನಿಲ್ಲಿಸಿದ್ದರು. ಅವುಗಳ ಹತ್ತಿರ ಉದಯಕುಮಾರರೂ ಇದ್ದರು. ಈ ಸಲ ನನಗೆ ಆಶ್ಚರ್ಯವಾಗಲಿಲ್ಲ.

“ಸೀಟು ಇದೊಂದೇ ಉಳಿದದಮ್ಮ. ಇವತ್ತ ಹೇಳಬೇಕು,” ಎಂದರು ಮೇಡಂ.

“ಇಲ್ಲೇ ಸೇರ್ತೀನ್ರಿ.”

“ಇಲ್ಲಿ ಬ್ಯಾಡ್ರಿ,” ಎಂದರು ಉದಯಕುಮಾರ.

ನನಗೆ ಕಣ್ಣು ತುಂಬಿ ಬಂತು. ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ. ಅವರು ಹಿಂದೆಯೇ ಬಂದರು.

“ರಾಯಚೂರಾಗ ದೇವದುರ್ಗ ಅಂದ್ರಿ. ದೇವದುರ್ಗದಾಗ ಮಾನ್ವಿ ಅಂದ್ರಿ. ನಾ ಎಲ್ಲೂ ಕಲಿಯೋದು ಬ್ಯಾಡ ಅಂದ್ರ ಹಂಗ ಹೇಳಿಬಿಡ್ರಿ. ಯಾಕ ಊರೂರು ತಿರಗಸ್ತೀರಿ?”

“ಮತ್ತೊಮ್ಮಿ ನೋಡಬೇಕಂತ ತಿರಗಿಸಿದೆ,” ಎಂದರು ಮೆಲ್ಲಗೆ. “ಇನ್ನ ಮುಂದಿನ ಊರಿಲ್ಲ ನನ್ನ ಹತ್ರ.”

ನಾನು ಅವರ ಕಡೆ ತಿರುಗಿದೆ.

“ಮೂರೂ ಕಡೆ ಕಲಸಾಂವ ನಾನ ಅದೀನ್ರಿ. ಎಲ್ಲಿ ಸೇರಿದ್ರೂ ನಿಮಗ ಸರ್ ಆಗ್ತೀನಿ, ಮಾರ್ಕ್ಸ್ ಕೊಡಾಂವ ಆಗ್ತೀನಿ. ಆಮ್ಯಾಲೆ ಒಂದು ಮಾತು ಕೇಳಾಕ ಬರಂಗಿಲ್ಲ.”

“ಮತ್ತ ಮೊದಲ ಕೇಳ್ಬೇಕಿತ್ತು.”

“ನೀವು ಕಲಿಯಾಕ ಬಂದೀರಿ. ಅದರ ನಡುವ ನೀವು ಕರೀಲಾರದ ನಾ ಹೆಂಗ ಬರ್ಲಿ?”

ದೇವದುರ್ಗದಲ್ಲಿ ಚಾಪೆಯಾಚೆ ಬರಿ ನೆಲದ ಮೇಲೆ ಕೂತಿದ್ದ ಆ ಮನುಷ್ಯ ನನಗೆ ಈಗ ಅರ್ಥವಾದರು. ಪ್ರೀತಿ ಉಕ್ಕಿತು, ಸಿಟ್ಟೂ ಬಂತು.

“ನಿಮ್ಮ ಒಂದು ಮಾತಿಗೆ ನಾ ನನ್ನ ಕೋರ್ಸ್ ಬಿಡಾಕಿ ಅಲ್ಲ.”

“ಬಿಡಬ್ಯಾಡ್ರಿ. ಬಿಡ್ರಿ ಅಂತ ನಾ ಹೆಂಗ ಕೇಳ್ಲಿ ನಿಮಗ.” ಅವರು ಕೆಳಗಿನ ಮೆಟ್ಟಿಲು ನೋಡುತ್ತಾ ನಿಂತುಬಿಟ್ಟರು. ಮಕ್ಕಳಿಗೆ ಕಲಿಸುವ ಉಪಾಯ ಅಷ್ಟೊಂದು ಗೊತ್ತಿದ್ದವರಿಗೆ ಇದಕ್ಕೊಂದು ಉಪಾಯ ಹೊಳೆದಿರಲಿಲ್ಲ.

ನಾನು ಕಣ್ಣೊರೆಸಿಕೊಂಡು ಒಳಗೆ ಹೋದೆ.

“ಮೇಡಂ, ನಾ ಇಲ್ಲೇ ಸೇರ್ತೀನ್ರಿ. ಆದ್ರ ಶನಿವಾರದ ಕ್ಲಾಸ್ ನೀವು ತಗೋಬೇಕು. ಮಾರ್ಕ್ಸೂ ನೀವ ಕೊಡಬೇಕು.”

“ಯಾಕಮ್ಮ, ಉದಯಕುಮಾರ್ ಸರ್ ಚಲೋ ಕಲಸ್ತಾರಲ್ಲ?”

“ಭಾಳ ಚಲೋ ಕಲಸ್ತಾರ್ರಿ. ಆದ್ರ ಅವರು ನನಗ ಸರ್ ಆಗೋದು ಬ್ಯಾಡ.”

ಹೇಳಿದ ಮೇಲೆ ಮೈಯೆಲ್ಲ ಬಿಸಿಯಾಯಿತು. ಮೇಡಂ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಬಾಗಿಲಲ್ಲಿ ನಿಂತಿದ್ದವರನ್ನು ನೋಡಿದರು. “ಶನಿವಾರ ನಾನು ಖಾಲೀನ ಇರ್ತೀನಿ ಬಿಡು,” ಎಂದು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಗೋಡೆಯ ಪಕ್ಕದಿಂದ ಒಂದು ಚಾಪೆ ತಂದು ಹಾಲ್ ನಡುವೆ ಹಾಸಿದೆ. ಒಂದು ಬದಿಗೆ ಸರಿದು ಕೂತೆ. ಅರ್ಧ ಚಾಪೆ ಖಾಲಿ ಉಳಿಯಿತು. ಅವರು ಬಂದು ಅಂಚಿನಾಚೆ ನಿಂತರು. ಹೆಬ್ಬೆರಳೂ ಒಳಗಿಡಲಿಲ್ಲ.

“ಬರ್ರಿ,” ಎಂದೆ.

ಬಂದು ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟರು, ತೆಗೆದರು, ಮತ್ತೆ ಇಟ್ಟರು. ಆ ಗೋಪುರದ ಸಣ್ಣ ತುಂಡು ಇಟ್ಟದ್ದು ಇದೇ ಕೈಯೇ ಎಂದು ನಗು ಬಂತು.

“ಈಗ ಕೇಳ್ರಿ.”

“ನಾ ಚೀಕಲಪರ್ವಿಯಾಂವ. ನಮ್ಮವ್ವನ್ನ ಕರಕೊಂಡು… ನಿಮ್ಮನಿಗೆ ಬರ್ಲೇನ್ರಿ?”

ಮೂಲೆಯಲ್ಲಿ ಮುನವ್ವರ್ ಬೀ ಚೀಲ ಎತ್ತಿಕೊಂಡರು. “ಲಗೂನ ಹೇಳು ಬೇಟಿ, ಬಸ್ಸು ಹೋಗ್ತದ.”

ನಾನು ಚಾಪೆಯ ಅಂಚನ್ನು ಬೆರಳಿಂದ ಸವರುತ್ತಾ ಕೂತೆ. ಇಷ್ಟು ದಿನ ನನ್ನ ತಲೆ ಕೆಡಿಸಿದವರು ಇನ್ನೊಂದು ಗಳಿಗೆ ಕಾಯಲಿ ಎನ್ನಿಸಿತು. ಆದರೆ ಆ ಮುಖ ನೋಡಿ ಕಾಯಿಸಲು ಆಗಲಿಲ್ಲ.

“ಬರ್ರಿ,” ಎಂದೆ. “ನಮ್ಮನ್ಯಾಗ ಬೀಗತನದ ಮಾತಿಗಿ ಚಾಪಿ ಹಾಸಂಗಿಲ್ಲ, ಜಮಖಾನ ಹಾಸ್ತೀವಿ. ನಾನ ಹಾಸಿರ್ತೀನಿ.”