ಹೂತುಕೊಳ್ಳದ ಜೀಪು

"ಕೆಸರಲ್ಲಿ ಸಿಕ್ಕಾಕ್ಕೊಂಡ್ರೆ ಸಿಕ್ಕಾಕ್ಕೊಂಡೇ ಇರಿ ಸ್ವಾಮಿ. ಎತ್ತು ಕಟ್ಟಿ ಎಳೆಸ್ಕೊಳಿ. ಈ ಲಿವರ್ ಮಾತ್ರ ಮುಟ್ಬೇಡಿ," ಎಂದ ಹನುಮಂತಯ್ಯ.

ಗೇರಿನ ಕೋಲಿನ ಪಕ್ಕ ಗೇಣುದ್ದದ ಕಬ್ಬಿಣದ ಲಿವರ್ ನಿಂತಿತ್ತು. ಅದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹರಿದು ನಾಲ್ಕೂ ಚಕ್ರ ಒಟ್ಟಿಗೆ ದುಡಿಯುತ್ತವೆ. ಜೀಪಿನ ಜೀವವೇ ಅದು. ಅದನ್ನು ಮುಟ್ಟಬಾರದಂತೆ! ಪಂಚಾಕ್ಷರಿಗೆ ನಗು ತಡೆಯಲಾಗಲಿಲ್ಲ.

ನಾಗರಬಾವಿಯ ಹಳೇ ಊರಿನಲ್ಲಿ, ಹನುಮಂತಯ್ಯನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಯುದ್ಧದ ಕಾಲದ ಆ ಜೀಪು ನಾಲ್ಕು ಸೈಜುಗಲ್ಲುಗಳ ಮೇಲೆ ಕೂತು ತುಕ್ಕು ಹಿಡಿದಿತ್ತು. ಕೋಳಿಗಳು ಕೊಟ್ಟಿಗೆಯೆಲ್ಲ ಅಡ್ಡಾಡುತ್ತಿದ್ದರೂ ಒಂದೂ ಅದರ ಮೇಲೆ ಹತ್ತಿರಲಿಲ್ಲ. ಮಳೆ ಬಿದ್ದು ಎಷ್ಟೋ ಕಾಲವಾಗಿದ್ದರೂ ಅದರ ಸುತ್ತ ಮಾತ್ರ ಹಸಿಮಣ್ಣಿನ ವಾಸನೆ, ಜೊತೆಗೆ ಸುಟ್ಟ ಕೂದಲಿನ ಕಮಟು. ದಾವಣಗೆರೆಯಿಂದ ಬಂದು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ಪಂಚಾಕ್ಷರಿಯ ಮೂಗಿಗೆ ಅದು ಯಾವುದೂ ಬಡಿಯಲಿಲ್ಲ. ಅವನಿಗೆ ಕಂಡದ್ದು ಸಾವನದುರ್ಗದ ಬಂಡೆ, ಅರ್ಕಾವತಿಯ ಮರಳು, ಜೀಪು ಬಿಟ್ಟರೆ ಬೇರೇನೂ ಹೋಗಲಾರದ ಜಾಡುಗಳು. ಆಸೆಗೆ ಕಣ್ಣಿರುತ್ತದೆ, ಮೂಗಿರುವುದಿಲ್ಲ.

"ಯಾಕ್ರೀ ಮುಟ್ಟಬಾರದು?"

"ಮಾಟ ಮಾಡ್ಸಿದೆ ಸ್ವಾಮಿ. ನಾನೇ ಮಾಡ್ಸಿದ್ದು. ಮಾಗಡಿ ಕಾಡಿಂದ ಮರ ಕದ್ದು ಸಾಗಿಸ್ತಿದ್ದೆ. ಗಾರ್ಡುಗಳು ಹಿಂದೆ ಬಿದ್ದಾಗ ಗಾಡಿ ಹೂತ್ಕೋಬಾರ್ದು ಅಂತ ಮಾಡ್ಸಿದೆ. ಆ ಲಿವರ್ ಎಳೆದ್ರೆ ಎಂಥಾ ಕೆಸರಿಂದ್ಲೂ ಎದ್ದು ಬರ್ತದೆ. ಬದಲಿಗೆ ಮನೇಲಿ ಇನ್ನೊಬ್ರು ಹೂತ್ಕೋತಾರೆ. ಎಳೆದೋನ್ಗೆ ಏನೂ ಆಗಲ್ಲ."

ಹಿತ್ತಿಲ ಬಾಗಿಲ ಹೊಸಿಲಲ್ಲಿ, ಗೋಣಿಚೀಲದ ಮೇಲೆ, ಅವನ ಹೆಂಡತಿ ಬೋರಮ್ಮ ಕೂತಿದ್ದಳು. ಸೊಂಟದಿಂದ ಕೆಳಗೆ ಅವಳ ಮೈ ಅಲುಗುತ್ತಿರಲಿಲ್ಲ. ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ. ವಾತ ಬಡಿದಿರಬೇಕು ಎಂದುಕೊಂಡ ಪಂಚಾಕ್ಷರಿ.

"ಕೊಳ್ಳೇಗಾಲದ ಮಾಟಾನೋ, ಇಲ್ಲೇ ಲೋಕಲ್ಲೋ? ಇರ್ಲಿ ಬಿಡ್ರಿ ಯಜಮಾನ್ರ. ಜೀಪಿನ ಜೊತಿಗೆ ಆ ಮಾಟಾನೂ ಸೇರಿಸಿ ಕೊಟ್ಬಿಡ್ರಿ. ಬಿಟ್ಟಿ ಬಂದಿದ್ದನ್ನ ಯಾಕ ಬಿಡ್ಲಿ?"

ಬೋರಮ್ಮ ತಲೆ ಎತ್ತಿದಳು.

ಹನುಮಂತಯ್ಯ ಅವಸರವಸರವಾಗಿ ವೀಳ್ಯದೆಲೆಯ ಮೇಲೆ ಜೀಪಿನ ಕೀಲಿ ಇಟ್ಟು ಚಾಚಿದ. "ಎಲ್ಲಾ ಹೇಳೇ ಕೊಡ್ತಿದೀನಿ. ಕೊಟ್ಟೆ."

"ತಗೊಂಡೆ," ಎಂದ ಪಂಚಾಕ್ಷರಿ, ನಗುತ್ತಲೇ.

ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರೆ. ಇವನದು ಇರುವೆಯಷ್ಟಕ್ಕೆ ಮುಗಿಯಲಿಲ್ಲ.

ಕಾಮಾಕ್ಷಿಪಾಳ್ಯದ ಸೇತುರಾಮನ ಗ್ಯಾರೇಜಿಗೆ ಜೀಪನ್ನು ಎಳೆದು ತಂದರು. ಸೇತುರಾಮ ಮಹಾ ಸಿಡುಕ, ಗಿರಾಕಿ ಬಂದರೆ ಸಾಲಗಾರ ಬಂದನೇನೋ ಎಂಬಂತೆ ಮುಖ ಮಾಡುವವನು. ಕೆಲಸ ಮಾತ್ರ ಒಪ್ಪಿಕೊಂಡ. ತುಕ್ಕು ಕೆರೆದು, ತೂತುಬಿದ್ದ ತಗಡಿಗೆ ವೆಲ್ಡಿಂಗ್ ಹಾಕಿ, ದಣಿದ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದರು. ಸ್ಪ್ರಿಂಗಿಗೆ ಪಟ್ಟಿ ಸೇರಿಸಿ ಮೈ ಎತ್ತರಿಸಿದರು. ನೀರಿಗಿಳಿದಾಗ ಎಂಜಿನ್ನಿಗೆ ಉಸಿರು ಕಟ್ಟದಿರಲೆಂದು ಗಾಳಿಯ ಕೊಳವೆಯನ್ನು ಮುಂದಿನ ಗಾಜಿನಷ್ಟು ಮೇಲಕ್ಕೇರಿಸಿದರು. ಹಲ್ಲು ಹಲ್ಲಿನ ದೊಡ್ಡ ಟಯರು ಬಂತು. ಭಾನುವಾರವೆಲ್ಲ ಪಂಚಾಕ್ಷರಿ ಅಲ್ಲೇ ಬಿದ್ದಿರುತ್ತಿದ್ದ, ಮೊಣಕೈವರೆಗೆ ಆಯಿಲ್ ಬಳಿದುಕೊಂಡು.

ಮುಂದಿನ ಚಕ್ರದ ನಡುವಿನ ಗುಂಬ, ಹಬ್, ಬಿಚ್ಚಿದಾಗ ಸೇತುರಾಮ ಹಿಂದಕ್ಕೆ ಸರಿದ. ಗ್ರೀಸ್ ಇರಬೇಕಾದಲ್ಲಿ ಮಣ್ಣು ಗಿಡಿದು ತುಂಬಿತ್ತು. ಕೆಂಪು ಮಣ್ಣು, ಇನ್ನೂ ಹಸಿ. ಅದರಲ್ಲಿ ಸುತ್ತಿಕೊಂಡ ಉದ್ದ ಕೂದಲು. ನಡುವೆ ಒಂದು ಬೆಳ್ಳಿಯ ಕಾಲುಂಗುರ.

"ಯಾವಳದ್ದೋ ಹೆಜ್ಜೆ ಮಣ್ಣು ಸಾರ್ ಇದು. ನಾನು ಮುಟ್ಟಲ್ಲ. ಬೇಲೀಲಿ ಹೋಗೋ ಓತಿಕ್ಯಾತನ್ನ ಷರಾಯಿಗೆ ಬಿಟ್ಕೊಳೋ ಚಟ ಇದ್ರೆ ನೀವೇ ಬಿಟ್ಕೊಳಿ."

ಪಂಚಾಕ್ಷರಿ ಸ್ಕ್ರೂಡ್ರೈವರಿನಿಂದ ತಾನೇ ಎಲ್ಲವನ್ನೂ ಕೆರೆದು ಮೋರಿಗೆ ಎಸೆದ. ಹಬ್ ಅನ್ನು ಪೆಟ್ರೋಲಿನಲ್ಲಿ ತೊಳೆದು ಹೊಸ ಗ್ರೀಸ್ ತುಂಬಿದ. ಹನುಮಂತಯ್ಯ ಬಿಚ್ಚಿಸಿ ಇಟ್ಟಿದ್ದ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟನ್ನೂ ಮತ್ತೆ ಜೋಡಿಸಿದ. ಬೋರಮ್ಮನ ಮಣ್ಣು ಹೋಯಿತು, ಜಾಗ ಖಾಲಿಯಾಯಿತು. ಖಾಲಿ ಜಾಗ ಇನ್ನೊಬ್ಬರನ್ನು ಹುಡುಕುತ್ತದೆ ಎಂಬುದು ಆ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಬಸವೇಶ್ವರನಗರದ ಅವನ ಮನೆಯ ಅಂಗಳದಲ್ಲಿ ಪೂಜೆಯಾಯಿತು. ಅವನ ಹೆಂಡತಿ ಗಿರಿಜಾದೇವಿ ನಡೆದರೆ ಓಡಿದ ಹಾಗೆ. ಮನೆಯ ಕೆಂಪು ಗಾರೆ ನೆಲದ ಮೇಲೆ ಅವಳ ಕಾಲುಂಗುರ ಟಿಣ್ ಟಿಣ್ ಎನ್ನುತ್ತಲೇ ಇರುತ್ತಿತ್ತು. ಆ ಸದ್ದು ಕೇಳಿಯೇ ಅವಳು ಯಾವ ಕೋಣೆಯಲ್ಲಿದ್ದಾಳೆಂದು ಅವನು ಹೇಳುತ್ತಿದ್ದ. ಆ ಬೆಳಿಗ್ಗೆ ಅವಳು ಅಂಗಳಕ್ಕೆ ನೀರು ಹಾಕಿ, ಜೀಪಿಗೆ ವಿಭೂತಿ ಕುಂಕುಮವಿಟ್ಟು, ಆರತಿ ಎತ್ತಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಹಸಿ ಮಣ್ಣಿನ ಮೇಲೆ ಅವಳ ಬರಿಗಾಲಿನ ಹೆಜ್ಜೆಗಳು ಮೂಡಿದ್ದವು. ಪಂಚಾಕ್ಷರಿ ಜೀಪು ಮುಂದಕ್ಕೆ ಬಿಟ್ಟ. ನಿಂಬೆಹಣ್ಣು ಫಟ್ಟೆಂದಿತು. ಮುಂದಿನ ಚಕ್ರ ಅವಳ ಹೆಜ್ಜೆಗಳ ಮೇಲೇ ಹರಿದು, ಆ ಮಣ್ಣನ್ನು ಹಲ್ಲುಗಳ ಸಂದಿಯಲ್ಲಿ ಕಚ್ಚಿಕೊಂಡು ಗೇಟು ದಾಟಿತು.

ಅಂದೇ ಅರ್ಕಾವತಿಯ ದಂಡೆಯಲ್ಲಿ ಜೀಪು ಹೂತುಕೊಂಡಿತು. ಚಕ್ರ ಗಿರಗಿರ ತಿರುಗಿದಷ್ಟೂ ಕೆಳಕ್ಕಿಳಿಯಿತು. ಅವನು ಲಿವರ್ ಎಳೆದ. ಕೆಳಗೆ ಏನೋ ಕಟಕ್ಕೆಂದಿತು. ಜೀಪು ಒಮ್ಮೆ ಮೈ ಕೊಡವಿ, ಬೆಕ್ಕು ಗೋಡೆ ಹತ್ತಿದ ಹಾಗೆ ಕೆಸರಿನಿಂದ ಎದ್ದು ಬಂತು. ಪಂಚಾಕ್ಷರಿ ಒಬ್ಬನೇ ಕೂತು ಕೇಕೆ ಹಾಕಿದ.

ಮನೆಗೆ ಬಂದರೆ ಗಿರಿಜಾ ಬಲಗಾಲು ತಿಕ್ಕುತ್ತ ಕೂತಿದ್ದಳು. "ಜೋಮು ಹಿಡದೈತ್ರಿ. ಮಧ್ಯಾಹ್ನದಿಂದ ಬಿಡವಲ್ದು."

ಅವನು ಹನುಮಂತಯ್ಯನ ಮಾತು ನೆನೆದ. ನೆನೆದು ನಕ್ಕ. ಮುಂದಿನ ಭಾನುವಾರ ಮತ್ತೆ ಹೊರಟ, ಅದರ ಮುಂದಿನದಕ್ಕೂ ಹೊರಟ. ಒಂದೊಂದು ಸಲ ಲಿವರ್ ಎಳೆದಾಗಲೂ ಮನೆಯಲ್ಲಿ ಗಿರಿಜಾ ಇನ್ನಷ್ಟು ಕುಸಿದಳು. ಟಿಣ್ ಟಿಣ್ ಎನ್ನುತ್ತಿದ್ದದ್ದು ಒಂದೇ ಟಿಣ್ ಆಯಿತು, ಅದರ ಹಿಂದೆ ಕಾಲೆಳೆಯುವ ಸರ್ ಎಂಬ ಸದ್ದು. ಒಂದು ದಿನ ಬಲಗಾಲಿನ ಉಂಗುರ ಕಾಣೆಯಾಯಿತೆಂದು ಅವಳು ಮನೆಯೆಲ್ಲ ತೆವಳಿ ಹುಡುಕಿದಳು. ಡಾಕ್ಟರು ನರದ ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಅಷ್ಟರಲ್ಲಿ ಎರಡೂ ಕಾಲು ಮೊಣಕಾಲವರೆಗೆ ಬಿದ್ದುಹೋಗಿದ್ದವು. ಹೆಂಡತಿ ನೆಲ ಹಿಡಿದಿದ್ದಾಳೆ, ಈ ಪುಣ್ಯಾತ್ಮ ಭಾನುವಾರ ಬಂದರೆ ಬೂಟು ಹಾಕುತ್ತಾನೆ! ನಂಬಿದರೆ ನಿಲ್ಲಿಸಬೇಕಾಗುತ್ತದಲ್ಲ, ಅದಕ್ಕೇ ಅವನು ನಂಬಲಿಲ್ಲ.

ಕೊನೆಗೆ ನಂಬಿಸಿದ್ದು ಮೂಗು. ಜೀಪು ತೊಳೆಯುತ್ತಿದ್ದಾಗ ಚಕ್ರದಿಂದ ಹಸಿಮಣ್ಣಿನ ವಾಸನೆ ಬಂತು. ಸುಟ್ಟ ಕೂದಲಿನ ಕಮಟು. ಹಬ್ ಬಿಚ್ಚಿದ. ಅವನು ತುಂಬಿದ ಗ್ರೀಸ್ ಇರಲಿಲ್ಲ. ಒತ್ತಿ ಗಿಡಿದ ಮಣ್ಣು. ತನ್ನ ಅಂಗಳದ ಮಣ್ಣು. ಅದರೊಳಗೆ ಗಿರಿಜೆಯ ಕಾಲುಂಗುರ.

ನಾಗರಬಾವಿಗೆ ಓಡಿದ. ಬೋರಮ್ಮ ಬಾವಿಕಟ್ಟೆಯ ಬಳಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನೀರು ಸೇದುತ್ತಿದ್ದಳು. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿದ್ದಳು. ಅವನನ್ನು ಕಂಡದ್ದೇ ಹನುಮಂತಯ್ಯ ಒಳಹೋಗಿ ಅಗುಳಿ ಹಾಕಿಕೊಂಡ.

"ವಾಪಸ್ ತಗೊಳ್ರಿ. ಜೀಪು ಪುಕ್ಸಟ್ಟೆ ಬಿಟ್ಟು ಹೋಗ್ತೀನಿ," ಎಂದು ಪಂಚಾಕ್ಷರಿ ಕೈಮುಗಿದ.

"ಹೇಳಿ ಕೊಟ್ಟಾಯ್ತು, ನೀನು ಬಾಯ್ಬಿಟ್ಟು ಕೇಳಿ ಈಸ್ಕೊಂಡಾಯ್ತು," ಎಂದಳು ಬೋರಮ್ಮ. ಹಗ್ಗ ಬಿಡಲಿಲ್ಲ. "ಒಂದೇ ದಾರಿ ಕಣಪ್ಪ. ಅದೇ ಹೂತ್ಕೋಬೇಕು. ಬಾನೆಟ್ ಮುಳುಗೋವರ್ಗೂ ನೀನು ಒಳಗೇ ಕೂತಿರ್ಬೇಕು, ಲಿವರ್ ಮುಟ್ಬಾರ್ದು. ಆಗ ಹಿಡ್ದಿದ್ದೆಲ್ಲಾ ಬಿಡ್ತದೆ."

"ಅಷ್ಟೇನಾ? ಹಂಗಾದ್ರ ನಿಮ್ಮ ಯಜಮಾನ್ರು ಯಾಕ ಮಾಡ್ಲಿಲ್ಲ?"

ಬೋರಮ್ಮ ಅಗುಳಿ ಹಾಕಿದ ಬಾಗಿಲನ್ನು ನೋಡಿ ಉಗಿದಳು. "ಹೋಗಿದ್ರಪ್ಪ, ಆಣೆ ಇಟ್ಟು ಹೋಗಿದ್ರು. ಒಂದ್ಸಲ ಅಲ್ಲ. ಪ್ರತಿ ಸಲಾನೂ ಸಾಯಂಕಾಲಕ್ಕೆ ಜೀಪೂ ಬಂತು, ಅವ್ರೂ ಬಂದ್ರು."

ಪಂಚಾಕ್ಷರಿ ಗಿರಿಜೆಗೆ ಎಲ್ಲವನ್ನೂ ಹೇಳಿದ. ಕೊರಳಿನ ಲಿಂಗ ಹಿಡಿದು, ಲಿವರ್ ಮುಟ್ಟುವುದಿಲ್ಲವೆಂದು ಆಣೆ ಮಾಡಿದ. ಅವಳು ಅವನ ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು. ಮಲ್ಲತ್ತಹಳ್ಳಿ ಕೆರೆಯ ಕೆಸರು ಹುಡುಕಿಕೊಂಡು ಅವನು ಹೊರಟ.

ಸಾಯಂಕಾಲಕ್ಕೆ ಜೀಪೂ ಬಂತು, ಅವನೂ ಬಂದ.

ಗಿರಿಜಾ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಸೊಂಟದವರೆಗೆ ತಣ್ಣಗಾಗಿತ್ತು. ಒಲೆಯ ಮೇಲೆ ಸಾರು ಸೀದು ಹೊಗೆ ಕವಿದಿತ್ತು, ಎದ್ದು ಆರಿಸಲು ಅವಳಿಗೆ ಆಗಿರಲಿಲ್ಲ. ಅವನ ಮುಖವನ್ನೇ ನೋಡಿದಳು.

"ಎಳದ್ರಿ, ಅಲ್ರೀ?"

ಅವನು ಒಲೆ ಆರಿಸಿದ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಹೇಳಿದಳು: "ನಾನೂ ಬರ್ತೀನಿ. ಪಕ್ಕದಾಗ ನಾನಿದ್ರ ನಿಮಗ ಕೈ ಬರಂಗಿಲ್ಲ. ಇಬ್ಬರೂ ಕೂತಿರೋಣು. ಅದು ಮುಳುಗಲಿ."

ಅವನು ಅವಳನ್ನು ಎತ್ತಿ ಜೀಪಿನಲ್ಲಿ ಕೂರಿಸಿದ. ಕೆರೆ ಏರಿಯ ಮೇಲೆ ಮುನಿವೆಂಕಟಪ್ಪ ಎಂಬ ಗಾಡಿಯವನನ್ನು ಎತ್ತು ಹಗ್ಗದ ಸಮೇತ ನಿಲ್ಲಿಸಿದ. ಹಗ್ಗದ ಇನ್ನೊಂದು ತುದಿಯನ್ನು ಇಬ್ಬರ ಸೊಂಟಕ್ಕೂ ಬಿಗಿದುಕೊಂಡ. ಸಾಯುವ ಭಯವಿರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು.

ಮೋಡ ಕವಿದು ಹಗಲೇ ಕತ್ತಲಾಗಿತ್ತು. ಜೀಪು ಕೆಸರಿಗೆ ಇಳಿಯಿತು. ಚಕ್ರ ಮುಳುಗಿತು. ಕೊಳೆತ ಜೊಂಡಿನ ನಾತ ಮೇಲೆದ್ದಿತು. ತಣ್ಣನೆಯ ಕೆಸರು ಬಾಗಿಲಿಲ್ಲದ ಬದಿಯಿಂದ ಒಳಬಂತು. ಪಾದ. ಮೊಣಕಾಲು. ಸೀಟು. ಗಿರಿಜೆಗೆ ಅದು ತಾಕಿದ್ದೂ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಕೆಸರಿನೊಳಗೆ ಬೆರಳುಗಳಿದ್ದವು. ಅವು ಅವನ ಕಾಲು ಹಿಡಿದವು. ಎಳೆದವು.

"ಕೂತಿರ್ರಿ," ಎಂದಳು ಗಿರಿಜಾ.

ಬಾನೆಟ್ಟಿನ ಅಂಚಿಗೆ ಕೆಸರು ಬಂತು. ಇನ್ನೊಂದು ಗೇಣು. ಎಂಜಿನ್ ಗೊರಗೊರ ಎನ್ನುತ್ತಿತ್ತು, ಹಸಿದ ನಾಯಿಯ ಹಾಗೆ. ಬೆರಳುಗಳು ಅವನ ಸೊಂಟ ಮುಟ್ಟಿದವು. ಉಸಿರು ಸಿಕ್ಕಲಿಲ್ಲ. ಇನ್ನು ನಾಲ್ಕೇ ಬೆರಳು. ಹಗ್ಗ ಮರೆತುಹೋಯಿತು. ಆಣೆ ಮರೆತುಹೋಯಿತು. ಪಕ್ಕದಲ್ಲಿ ಕೂತವಳು ಯಾರು? ಮರೆತುಹೋಯಿತು. ಅವನ ಕೈ ಸ್ಟೀರಿಂಗ್ ಬಿಟ್ಟಿತು. ಸರಿಯಿತು. ಕೆಸರೊಳಗೆ ಇಳಿಯಿತು. ಹುಡುಕಿತು.

ಅಲ್ಲಿ ಆಗಲೇ ಒಂದು ಕೈ ಇತ್ತು. ಬಳೆಗಳಿದ್ದ ಕೈ.

"ನೋಡಾಕತ್ತೀನ್ರಿ," ಎಂದಳು ಗಿರಿಜಾ. "ಈ ಸಲ ನಾನು."

ಎಳೆದಳು.

ಕಟಕ್. ಜೀಪು ಮೈ ಕೊಡವಿತು. ನಾಲ್ಕೂ ಚಕ್ರ ನೆಲ ಕಚ್ಚಿದವು. ಕೆಸರು ಸೀಳಿಕೊಂಡು ಜೀಪು ಏರಿಯತ್ತ ಎದ್ದು ಬಂತು. ಪಂಚಾಕ್ಷರಿ ಕೂಗಿದ. ಅವನಿಗೆ ಕಾಲುಗಳಿರಲಿಲ್ಲ. ಕಣ್ಣಿಗೆ ಕಾಣುತ್ತಿದ್ದವು, ಮೈಗೆ ಇರಲಿಲ್ಲ. ಸತ್ತ ಪಾದವೊಂದು ಆಕ್ಸಲರೇಟರ್ ಮೇಲೆ ಕಲ್ಲಿನಂತೆ ಒತ್ತಿಕೊಂಡಿತ್ತು. ಗಿರಿಜಾ ಬಾಗಿ ಕೀಲಿ ತಿರುಗಿಸಿದಳು. ಎಂಜಿನ್ ನಿಂತಿತು. ಕೀಲಿಯನ್ನು ಕಿತ್ತು ಕೆರೆಯೊಳಕ್ಕೆ ಬೀಸಿ ಎಸೆದಳು.

"ಈಗ ಸಮ ಆತು. ಇನ್ನ ಮನ್ಯಾಗ ಎಳಿಯೋರು ಯಾರೂ ಉಳೀಲಿಲ್ಲ," ಎಂದಳು. ಮುನಿವೆಂಕಟಪ್ಪ ಹಗ್ಗ ಬಿಟ್ಟು, ಎತ್ತುಗಳನ್ನೂ ಬಿಟ್ಟು ಓಡಿಹೋಗಿದ್ದ.

ಅದೇ ಎತ್ತುಗಳನ್ನು ಕಟ್ಟಿ ಊರವರು ಎಳೆದು ತಂದ ಜೀಪು ಈಗ ಬಸವೇಶ್ವರನಗರದ ಆ ಅಂಗಳದಲ್ಲಿ ಸೈಜುಗಲ್ಲುಗಳ ಮೇಲೆ ಕೂತಿದೆ. ಗಂಡ ಹೆಂಡತಿ ಜಗಲಿಯ ಮೇಲೆ ಎರಡು ಗೋಣಿಚೀಲಗಳ ಮೇಲೆ ಕೂತಿರುತ್ತಾರೆ. ಅಡುಗೆಗೆ ಬರುವ ಹೆಂಗಸು ಅನ್ನ ತಂದಿಟ್ಟು ಹೋಗುತ್ತಾಳೆ. ಅವರಿಬ್ಬರಲ್ಲಿ ಮಾತಿಲ್ಲ.

ಮೊನ್ನೆ ಒಬ್ಬ ಹುಡುಗ ಸ್ಕೂಟರಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಜೀಪನ್ನು ಸುತ್ತು ಹಾಕಿ, ಟಯರಿಗೆ ಒದ್ದು ನೋಡಿ, ಬಾಯಿ ಚಪ್ಪರಿಸಿದ. "ಕೀಲಿ ಇಲ್ದಿದ್ರೂ ಪರವಾಗಿಲ್ಲ ಸಾರ್, ನಾನು ರೆಡಿ ಮಾಡಿಸ್ಕೋತೀನಿ. ಇದಕ್ಕೇನೋ ಮಾಟ ಇದೆ ಅಂತಾರೆ, ಹೌದಾ? ಅದನ್ನೂ ಸೇರಿಸಿ ಕೊಡಿ ಮತ್ತೆ!" ಎಂದು ನಕ್ಕ. ಅವನ ಹೆಂಡತಿ ಚಪ್ಪಲಿ ಗೇಟಿನ ಹೊರಗೇ ಬಿಟ್ಟು, ಬರಿಗಾಲಲ್ಲಿ ಅಂಗಳದಲ್ಲಿ ನಿಂತಿದ್ದಳು.

ಪಂಚಾಕ್ಷರಿ ಅವಳ ಪಾದ ನೋಡಿದ. ಎಲ್ಲವನ್ನೂ ಹೇಳಿ, ಕೊಟ್ಟೆ ಎಂದರೆ ಮುಗಿಯಿತು. ಎದ್ದು ನಿಲ್ಲಬಹುದು, ನಾಳೆ ಬೆಳಿಗ್ಗೆ ಕಾರ್ಖಾನೆಗೆ ನಡೆದು ಹೋಗಬಹುದು. ನಾಲಿಗೆಯ ತುದಿಗೆ ಮಾತು ಬಂತು. ಪಕ್ಕದಿಂದ ಗಿರಿಜಾ ಕತ್ತು ತಿರುಗಿಸಿ ಅವನ ಬಾಯಿಯನ್ನೇ ನೋಡತೊಡಗಿದಳು.

"ಮಾರಾಟಕ್ಕಿಲ್ಲ," ಎಂದ ಪಂಚಾಕ್ಷರಿ.

ಹುಡುಗ ಗೊಣಗುತ್ತ ಹೊರಟ. ಅವನ ಹೆಂಡತಿಯ ಕಾಲುಂಗುರ ಟಿಣ್ ಟಿಣ್ ಎನ್ನುತ್ತ ಅಂಗಳದ ಅಂಚಿನ ಕಲ್ಲುಹಾಸಿನ ಮೇಲೆ ಗೇಟಿನವರೆಗೂ ಹೋಯಿತು. ಸ್ಕೂಟರ್ ತಿರುವು ದಾಟುವವರೆಗೆ ಗಿರಿಜಾ ಅತ್ತಲೇ ಕಿವಿ ಕೊಟ್ಟು ಕೂತಿದ್ದಳು.