ಅಜ್ಜಿಯ ಗೆರೆ

ಹೃದಯದ ಗೆರೆ ಕಾಯುವುದೇ ನನ್ನ ಕೆಲಸ. ರೋಗಿಗಳ ಎದೆಗೆ ಸ್ಟಿಕ್ಕರ್ ಅಂಟಿಸಿ, ವೈರು ಸಿಕ್ಕಿಸಿ, ಬಡಿತವನ್ನು ಪರದೆಗೆ ಕಳಿಸುವ ಕೈಯಗಲದ ಡಬ್ಬಿಯೊಂದನ್ನು ಪಕ್ಕಕ್ಕಿಟ್ಟು ಬರುತ್ತೇನೆ. ಆಮೇಲೆ ಮಾನಿಟರ್ ಕೋಣೆಯಲ್ಲಿ ಕೂತು ಪರದೆ ನೋಡುತ್ತೇನೆ. ಕಿಟಕಿ ಪಕ್ಕದ ಮಂಚದ ಅಜ್ಜಿಯ ಗೆರೆಯನ್ನು ನಿದ್ದೆಗಣ್ಣಲ್ಲೂ ಗುರುತಿಸುತ್ತಿದ್ದೆ: ಮೂರು ಬಡಿತ, ಆಮೇಲೊಂದು ಸಣ್ಣ ತಡೆ. ಸ್ಟಿಕ್ಕರ್ ಬದಲಿಸಲು ಹೋದಾಗಲೆಲ್ಲ ಅಜ್ಜಿ, "ತೆಗೀಬೇಡಮ್ಮ, ಎದೆ ತಣ್ಣಗಾಗುತ್ತೆ" ಅನ್ನುತ್ತಿದ್ದರು.

ಅವರು ಬೆಳಿಗ್ಗೆ ತೀರಿಕೊಂಡರು. ವೈರು ಬಿಡಿಸಿದವಳು ನಾನೇ. ಊಟ ಮುಗಿಸಿ ಬಂದರೆ ಪರದೆಯ ಮೇಲೆ ಅದೇ ಗೆರೆ ಓಡುತ್ತಿತ್ತು.

ಕರೆದು ತೋರಿಸಿದರೆ ನರ್ಸಕ್ಕ ನಕ್ಕರು. "ಡಬ್ಬಿ ಕೆಟ್ಟಿರ್ಬೇಕು. ನಿನ್ನ ಎದೆಗೇ ಹಾಕ್ಕೊಂಡು ನೋಡು."

ಡಬ್ಬಿಯ ಮೇಲೆ ಅನುಮಾನ ಬಂದರೆ ನಾವೆಲ್ಲ ಮಾಡುವುದು ಅದನ್ನೇ. ಅವರನ್ನು ಪರದೆ ಮುಂದೆ ಕೂರಿಸಿ, ಅಜ್ಜಿಯ ಖಾಲಿ ಮಂಚಕ್ಕೆ ಹೋಗಿ ಕೂತೆ. ಬೆಳಿಗ್ಗೆಯೇ ಬಿಡಿಸಿಟ್ಟ ವೈರಿನ ಕ್ಲಿಪ್ಪುಗಳು ಬೆಚ್ಚಗಿದ್ದವು. ಹೊಸದಾಗಿ ಹಾಸಿದ್ದ ಹಾಸಿಗೆಯೂ ಬೆಚ್ಚಗಿತ್ತು.

ಅಂಟಿಸಿಕೊಂಡ ಕೂಡಲೇ ಫೋನ್ ಬಂತು.

"ಹಾಕ್ಕೊಂಡ್ಯಾ? ಇನ್ನೂ ಅಜ್ಜೀದೇ ಬರ್ತಿದ್ಯಲ್ಲೇ."

"ಹಾಕ್ಕೊಂಡಿದೀನಿ ಅಕ್ಕ."

"ತೆಗೆದ್ಬಿಡು," ಅಂದರು ನರ್ಸಕ್ಕ.

ತೆಗೆದೆ. ಐಸಿನ ಗಡ್ಡೆ ಇಟ್ಟ ಹಾಗೆ ಎದೆ ತಣ್ಣಗಾಯಿತು. ಡಬ್ಬಿಯನ್ನು ರಿಪೇರಿಯವನಿಗೆ ಕೊಟ್ಟೆವು. ಏನೂ ಕೆಟ್ಟಿಲ್ಲ ಎಂದು ವಾಪಸ್ ಕಳಿಸಿದ.

ಆ ಚಳಿ ಮಾತ್ರ ಹೋಗಲಿಲ್ಲ. ಮೊನ್ನೆ ನರ್ಸಕ್ಕ ಬೇರೆ ಡಬ್ಬಿ ತಂದು ನನ್ನ ಎದೆಗೆ ಹಾಕಿ ನೋಡಿದರು. ಮೂರು ಬಡಿತ, ಒಂದು ತಡೆ. ಅವರು ಬಿಡಿಸಲು ಕೈ ಚಾಚಿದಾಗ ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ತೆಗೀಬೇಡಮ್ಮ," ಅಂದೆ.